ಬ್ರೈಲ್ ಅನುವಾದ ತಂತ್ರಾಂಶದ ಕೈಪಿಡಿ: ಚುಕ್ಕಿ ತಪ್ಪಿಸುವ ವಾಕ್ಯಗಳನ್ನು ತಿದ್ದುವುದು ಹೇಗೆ

ಪಠ್ಯವನ್ನು ಬ್ರೈಲಿಗೂ ಬ್ರೈಲನ್ನು ಪಠ್ಯಕ್ಕೂ ತಿರುಗಿಸುವ ಮುಕ್ತ ತಂತ್ರಾಂಶಗಳಲ್ಲಿ ಲಿಬ್‌ಲೂಯಿ ಬಹಳ ಬಳಕೆಯಲ್ಲಿದೆ. ಎನ್‌ವಿಡಿಎ, ಓರ್ಕಾದಂಥ, ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು ಬ್ರೈಲ್ ಡಿಸ್‌ಪ್ಲೇಗೆ (ಚುಕ್ಕಿಗಳು ಏಳುವ ಉಪಕರಣಕ್ಕೆ) ಚುಕ್ಕಿ ಕಳಿಸುವಾಗ ಇದನ್ನೇ ಬಳಸುತ್ತವೆ. ಲಿನಕ್ಸ್‌ನ ಬಿಆರ್‌ಎಲ್‌ಟಿಟಿವೈ ತಂತ್ರಾಂಶದ ಅನುವಾದ ಭಾಗವನ್ನು ಆಧಾರವಾಗಿಟ್ಟುಕೊಂಡು ಇದನ್ನು ಬೆಳೆಸಿದ ಜಾನ್ ಬಾಯರ್ ಅವರಿಗೆ ದೃಷ್ಟಿಯೂ ಇರಲಿಲ್ಲ, ಶ್ರವಣವೂ ಇರಲಿಲ್ಲ. ಪ್ರತಿ ಭಾಷೆಯ ನಿಯಮಗಳು ಒಂದೊಂದು ಸಾದಾ ಪಠ್ಯ ಕಡತದಲ್ಲಿರುತ್ತವೆ. ಅದಕ್ಕೆ ಟೇಬಲ್ ಎನ್ನುತ್ತಾರೆ. ಟೇಬಲ್ ಬರೆಯಲು ಬೇಕಾದದ್ದು ಭಾಷೆಯ ಮತ್ತು ಬ್ರೈಲಿನ ಜ್ಞಾನ. ಹಾಗಾಗಿ ಅದನ್ನು ಬರೆಯಲು ಕೂರುವವರು ಎಷ್ಟೋ ಸಲ ಪ್ರೋಗ್ರಾಮರ್‌ಗಳಲ್ಲ, ಬ್ರೈಲ್ ಕಲಿಸುವ ಮೇಷ್ಟರು. ಅವರಿಗೆ ಕೈಪಿಡಿಯೇ ಗತಿ. ಕೈಪಿಡಿಯ ಒಂದು ವಾಕ್ಯ ಎರಡು ಅರ್ಥ ಕೊಟ್ಟರೆ ಟೇಬಲ್‌ನಲ್ಲಿ ಒಂದು ನಿಯಮ ತಪ್ಪುತ್ತದೆ, ಆ ನಿಯಮದ ಮೇಲೆ ಅಚ್ಚಾದ ಪ್ರತಿ ಪುಸ್ತಕದಲ್ಲೂ ತಪ್ಪು ಚುಕ್ಕಿ ಬೀಳುತ್ತದೆ.

ಆದ್ದರಿಂದ ಇಂಥ ಕೈಪಿಡಿಯ ವಾಕ್ಯವನ್ನು ಅಳೆಯಲು ಒಂದೇ ಮಾನದಂಡ ಸಾಕು: ವಾಕ್ಯ ಓದಿದವರು, ಪ್ರೋಗ್ರಾಮ್ ಓಡಿಸುವ ಮೊದಲೇ, ಯಾವ ಚುಕ್ಕಿಗಳು ಬರುತ್ತವೆ ಎಂದು ಹೇಳಬಲ್ಲರೇ? ಹೇಳಲಾಗದಿದ್ದರೆ ವಾಕ್ಯ ಎಷ್ಟೇ ಚೆಂದವಿದ್ದರೂ ತಿದ್ದಬೇಕು.

ಉದಾಹರಣೆಗಳನ್ನು ಕನ್ನಡ ಬ್ರೈಲಿನಿಂದಲೇ ಕೊಡುತ್ತೇನೆ. ಕನ್ನಡ ಬಳಸುವುದು ಭಾರತಿ ಬ್ರೈಲನ್ನು. 1951ರಲ್ಲಿ ಒಪ್ಪಿತವಾದ ಈ ಪದ್ಧತಿಯಲ್ಲಿ ಭಾರತೀಯ ಭಾಷೆಗಳ ಒಂದೇ ಧ್ವನಿಗೆ ಬಹುಮಟ್ಟಿಗೆ ಒಂದೇ ಚುಕ್ಕಿಗುಂಪು. ಆಪ್‌ಕೋಡ್‌ಗಳ (ನಿಯಮದ ಬಗೆ ಹೇಳುವ, ಸಾಲಿನ ಮೊದಲ ಪದಗಳ) ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟೇಬಲ್ ಕಡತದಲ್ಲಿ ಅವು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಅಕ್ಷರ ಎಂದರೆ ಎಷ್ಟು?

ಅತಿ ಹೆಚ್ಚು ಗೊಂದಲ ಹುಟ್ಟುವುದು ‘ಅಕ್ಷರ’ ಎಂಬ ಮಾತಿನಲ್ಲಿ. ‘ಶಕ್ತಿ’ ಪದ ತೆಗೆದುಕೊಳ್ಳಿ. ಕನ್ನಡ ಓದುವವರಿಗೆ ಅದರಲ್ಲಿ 2 ಅಕ್ಷರ. ಯೂನಿಕೋಡ್‌ನಲ್ಲಿ 5 ಸಂಕೇತ: ಶ, ಕ, ವಿರಾಮ (ವ್ಯಂಜನದ ಅಕಾರ ತೆಗೆಯುವ ಚಿಹ್ನೆ), ತ, ಇಕಾರದ ಗುಣಿತಚಿಹ್ನೆ. ಬ್ರೈಲಿನಲ್ಲಿ 5 ಸೆಲ್ (ಆರು ಚುಕ್ಕಿಗಳ ಮನೆ): 146, 4, 13, 2345, 24; 146 ಎಂದರೆ 1, 4, 6ನೇ ಚುಕ್ಕಿಗಳು ಎದ್ದ ಸೆಲ್. ಯುಟಿಎಫ್-8 ಕಡತದಲ್ಲಿ 15 ಬೈಟ್. ನಾಲ್ಕು ಕಡೆ ಮೂರು ಬೇರೆ ಲೆಕ್ಕ. ‘ಈ ಫಂಕ್ಷನ್‌ಗೆ ಅಕ್ಷರಗಳ ಸಂಖ್ಯೆಯನ್ನು ಕೊಡಿ’ ಎಂದು ಕೈಪಿಡಿ ಬರೆದರೆ ಓದುವವರು 2 ಕೊಡುತ್ತಾರೋ 15 ಕೊಡುತ್ತಾರೋ ಹೇಳಲಾಗದು. ಲಿಬ್‌ಲೂಯಿಯ ಅನುವಾದ ಫಂಕ್ಷನ್ ಕೇಳುವುದು ಯೂನಿಕೋಡ್ ಸಂಕೇತಗಳ ಲೆಕ್ಕವನ್ನು, ಅಂದರೆ ಇಲ್ಲಿ 5. ಒಂದೊಂದು ಸಂಕೇತಕ್ಕೆ 2 ಬೈಟ್ ಹಿಡಿಯುತ್ತದೋ 4 ಬೈಟ್ ಹಿಡಿಯುತ್ತದೋ ಎಂಬುದು ಆ ಲೈಬ್ರರಿಯನ್ನು ಹೇಗೆ ಕಂಪೈಲ್ ಮಾಡಲಾಗಿದೆ ಎಂಬುದರ ಮೇಲೆ ನಿಂತಿದೆ.

ಪರಿಹಾರ ಸರಳ: ಕೈಪಿಡಿಯ ಮೊದಲ ಅಧ್ಯಾಯದಲ್ಲೇ ‘ಸಂಕೇತ’, ‘ಸೆಲ್’, ‘ಚುಕ್ಕಿಗುಂಪು’ ಮೂರಕ್ಕೂ ತಲಾ ಒಂದು ವಾಕ್ಯದ ವಿವರಣೆ ಕೊಟ್ಟು, ಕೊನೆಯ ಪುಟದವರೆಗೂ ಅದೇ ಮಾತನ್ನು ಬಳಸುವುದು. ಓದಿಗೆ ಬೇಸರವಾಗದಿರಲಿ ಎಂದು ಒಂದು ಕಡೆ ‘ಸೆಲ್’, ಇನ್ನೊಂದು ಕಡೆ ‘ಕೋಶ’, ಮತ್ತೊಂದು ಕಡೆ ‘ಬ್ರೈಲ್ ಅಕ್ಷರ’ ಎಂದು ಬದಲಿಸುವುದು ಕತೆಯಲ್ಲಿ ಸರಿ, ಇಲ್ಲಿ ಸಲ್ಲದು. ಹೆಸರು ಬದಲಾದರೆ ವಸ್ತುವೂ ಬದಲಾಯಿತೆಂದೇ ಓದುಗರು ತಿಳಿಯುತ್ತಾರೆ, ತಿಳಿಯುವುದೂ ಸರಿಯೇ.

ಅನುಕ್ರಮದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ‘ಧರ್ಮ’ವನ್ನು ತೆರೆಯ ಮೇಲೆ ನೋಡಿದರೆ ಧ, ಆಮೇಲೆ ಮ, ಅದರ ಬಲಕ್ಕೆ ಅರ್ಕಾವತ್ತು. ಕಡತದಲ್ಲಿ ಕೂತಿರುವ ಕ್ರಮ ಧ, ರ, ವಿರಾಮ, ಮ. ಬ್ರೈಲಿನಲ್ಲಿ ವಿರಾಮದ 4ನೇ ಚುಕ್ಕಿ ವ್ಯಂಜನಕ್ಕಿಂತ ಮೊದಲು ಬರುತ್ತದೆ: 2346, 4, 1235, 134. ‘ಹಿಂದಿನ ಅಕ್ಷರ’, ‘ಎಡಕ್ಕಿರುವ ಅಕ್ಷರ’ ಎಂದು ಕೈಪಿಡಿ ಹೇಳಿದರೆ ಈ ಮೂರು ಕ್ರಮಗಳಲ್ಲಿ ಯಾವುದು? ‘ಕಡತದಲ್ಲಿ ಇದಕ್ಕಿಂತ ಮೊದಲು ಬರುವ ಸಂಕೇತ’ ಎಂದು ಬಿಡಿಸಿ ಬರೆದರೆ ವಾಕ್ಯ ಉದ್ದವಾಗುತ್ತದೆ, ಆಗಲಿ. ಎಡ, ಬಲ, ಮೇಲೆ, ಕೆಳಗೆ ಎಂಬ ಮಾತುಗಳನ್ನು ಕೈಪಿಡಿಯಿಂದ ಪೂರ್ತಿ ತೆಗೆದರೂ ನಷ್ಟವಿಲ್ಲ.

ಉದ್ದನೆಯದು ಗೆಲ್ಲುತ್ತದೆ, ಆದರೆ

ನಿಯಮಗಳ ಆದ್ಯತೆಯ ಬಗ್ಗೆ ‘ಅತ್ಯಂತ ಸೂಕ್ತವಾದ ನಿಯಮ ಅನ್ವಯವಾಗುತ್ತದೆ’ ಎಂಬ ಬಗೆಯ ವಾಕ್ಯ ಏನನ್ನೂ ಹೇಳುವುದಿಲ್ಲ. ನಡೆಯುವುದು ಇಷ್ಟು: ಪಠ್ಯದ ಪ್ರತಿ ಸ್ಥಾನದಲ್ಲೂ ಅಲ್ಲಿಂದ ಶುರುವಾಗುವ ನಿಯಮಗಳನ್ನು ಉದ್ದ ಇಳಿಯುವ ಕ್ರಮದಲ್ಲಿ ಪರೀಕ್ಷಿಸಲಾಗುತ್ತದೆ. ತನ್ನ ಷರತ್ತು ಪೂರೈಸಿದ ಮೊದಲ ನಿಯಮ ಗೆಲ್ಲುತ್ತದೆ. ಉದ್ದ ಸಮವಾದರೆ ‘ಆಲ್ವೇಸ್’ (ಎಲ್ಲಿ ಬಂದರೂ ಅನ್ವಯಿಸುವ) ನಿಯಮದ ಸರದಿ ಉಳಿದ ಆಪ್‌ಕೋಡ್‌ಗಳ ನಂತರ. ಉಳಿದಂತೆ ಟೇಬಲ್‌ನಲ್ಲಿ ಮೊದಲು ಬರೆದದ್ದೇ ಮೊದಲು. ಈ ನಾಲ್ಕು ವಾಕ್ಯ ಒಟ್ಟಿಗೆ ಒಂದೇ ಕಡೆ ಇರಬೇಕು. ಬೇರೆ ಬೇರೆ ಆಪ್‌ಕೋಡ್‌ಗಳ ವಿವರಣೆಯಲ್ಲಿ ಚದುರಿ ಹೋದರೆ ಯಾರೂ ಅವನ್ನು ಜೋಡಿಸಿಕೊಳ್ಳಲಾರರು.

ಇದರ ಜೊತೆಗೆ ಒಂದು ಉದಾಹರಣೆ ಬೇಕೇ ಬೇಕು, ಅದೂ ಕೆಡುವ ಉದಾಹರಣೆ. ಕ್ಷ ಎಂಬುದಕ್ಕೆ ಭಾರತಿ ಬ್ರೈಲಿನಲ್ಲಿ ತನ್ನದೇ ಸೆಲ್ ಇದೆ: 12345. ಟೇಬಲ್‌ನಲ್ಲಿ ಎರಡು ಸಾಲು ಇವೆ ಎಂದುಕೊಳ್ಳಿ (ಹೈಫನ್ ಒಂದು ಸೆಲ್ಲನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ):

ಆಲ್ವೇಸ್ ಕ್ 4-13
ಆಲ್ವೇಸ್ ಕ್ಷ 12345

‘ಶಿಕ್ಷಣ’ ಸರಿಯಾಗಿ ಬರುತ್ತದೆ: 146, 24, 12345, 3456. ‘ಕ್’ ಎರಡು ಸಂಕೇತ, ‘ಕ್ಷ’ ಮೂರು, ಉದ್ದನೆಯದು ಗೆದ್ದಿತು. ಈಗ ‘ಲಕ್ಷ್ಮಿ’ ಕೊಡಿ. ಕ್ಷ ಎಂಬ ಮೂರು ಸಂಕೇತಗಳು 12345 ಆಗಿ ಮುಗಿದುಹೋಗುತ್ತವೆ. ಅದರ ನಂತರದ ವಿರಾಮ ಒಂಟಿಯಾಗಿ ಉಳಿದು 4 ಆಗುತ್ತದೆ, ಆಮೇಲೆ ಮ. ಬಂದದ್ದು 123, 12345, 4, 134, 24. 4ನೇ ಚುಕ್ಕಿ ತನ್ನ ಮುಂದಿನ ವ್ಯಂಜನಕ್ಕೆ ಸೇರುವುದರಿಂದ ಬೆರಳು ಓದುವುದು ಕ್ಷ್ ಅಲ್ಲ, ಕ್ಷ ಮತ್ತು ಮ್. ಬರಬೇಕಾದದ್ದು 123, 4, 12345, 134, 24. ಇದಕ್ಕೆ ಮೂರನೆಯ ಸಾಲು ಬೇಕು:

ಆಲ್ವೇಸ್ ಕ್ಷ್ 4-12345

ಜ್ಞಕ್ಕೂ (156) ಇದೇ ಮಾತು. ಉದ್ದದ ನಿಯಮ ಗೊತ್ತಿದ್ದರೂ, ಗೆದ್ದ ನಿಯಮ ನುಂಗಿದ ಸಂಕೇತಗಳನ್ನು ಬಿಟ್ಟು ಉಳಿದದ್ದರಿಂದ ಮಾತ್ರ ಅನುವಾದ ಮುಂದುವರಿಯುತ್ತದೆ ಎಂದು ಕೈಪಿಡಿ ಹೇಳದಿದ್ದರೆ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸರಿಯಾದ ಉದಾಹರಣೆ ನಿಯಮವನ್ನು ತೋರಿಸುತ್ತದೆ, ಕೆಟ್ಟ ಉದಾಹರಣೆ ನಿಯಮದ ಅಂಚನ್ನು ತೋರಿಸುತ್ತದೆ. ಜಾಗ ಒಂದಕ್ಕೇ ಇದ್ದರೆ ನಾನು ಎರಡನೆಯದನ್ನು ಆರಿಸುತ್ತೇನೆ.

ಒಡೆದ ಸ್ವರಚಿಹ್ನೆ, ಕಾಣದ ಸಂಕೇತ

‘ಟೇಬಲ್‌ನಲ್ಲಿ ಪ್ರತಿ ಸಂಕೇತವನ್ನೂ ಘೋಷಿಸಿ’ ಎಂದಷ್ಟೇ ಹೇಳಿ ಬಿಡುವುದು ಸಾಮಾನ್ಯ. ಕನ್ನಡದ ಮಟ್ಟಿಗೆ ಆ ವಾಕ್ಯ ಅರ್ಧ ದಾರಿಗೆ ಒಯ್ದು ಕೈಬಿಡುತ್ತದೆ. ಒಕಾರದ ಗುಣಿತಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳಾಗಿ ಒಡೆದೂ ಇರಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಹೇಳುತ್ತದೆ, ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ‘ಕೊ’ ಬರಬೇಕಾದದ್ದು 13, 1346. ಒಡೆದ ರೂಪದಲ್ಲಿ ಬಂದರೆ, ನಿಯಮವಿಲ್ಲದ ಟೇಬಲ್ 13, 26, 1256 ಕೊಡುತ್ತದೆ: ಕ, ಎ, ಊ. ಓಕಾರ ಮೂರು ತುಂಡಾಗಿ ಒಡೆಯುತ್ತದೆ; ಈ, ಏ, ಐ ಚಿಹ್ನೆಗಳಿಗೂ ಒಡೆದ ರೂಪಗಳಿವೆ. ಪ್ರತಿಯೊಂದು ಒಡೆದ ಸರಣಿಗೂ ಒಂದು ‘ಆಲ್ವೇಸ್’ ಸಾಲು ಸೇರಿಸಿದರೆ ಉದ್ದದ ನಿಯಮ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇದನ್ನು ಟೇಬಲ್‌ಗೆ ಸೇರಿಸುವಾಗ ಸಂಕೇತಗಳನ್ನು ನೇರವಾಗಿ ಟೈಪ್ ಮಾಡಬೇಡಿ: ನಿಮ್ಮ ಎಡಿಟರ್ ಅವನ್ನು ಮತ್ತೆ ಕೂಡಿಸಿಬಿಡಬಹುದು. ಬ್ಯಾಕ್‌ಸ್ಲ್ಯಾಷ್, ಎಕ್ಸ್ ಅಕ್ಷರ, ನಾಲ್ಕು ಅಂಕಿಯ ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆ, ಈ ರೂಪದಲ್ಲೇ ಬರೆಯಿರಿ. ‘ಬೇಡಿ’ಯ ಪಕ್ಕದಲ್ಲೇ ಕಾರಣವೂ ಇರುವುದನ್ನು ಗಮನಿಸಿ, ಕೈಪಿಡಿಯಲ್ಲಿ ಕಾರಣವಿಲ್ಲದ ನಿಷೇಧ ಇರಕೂಡದು.

ಅಂಥದೇ ಒಂದು ನಿಷೇಧ: ಒಂದೇ ಸಂಕೇತಕ್ಕೆ ‘ಆಲ್ವೇಸ್’ ಬಳಸಬೇಡಿ, ‘ಲೆಟರ್’ನಂಥ ಘೋಷಣೆಯ ಆಪ್‌ಕೋಡ್ ಬಳಸಿ ಎಂಬುದು. ಕಾರಣ ಇದು: ‘ಲೆಟರ್’ ಚುಕ್ಕಿಯ ಜೊತೆಗೆ ವರ್ಗವನ್ನೂ ಕೊಡುತ್ತದೆ, ‘ಆಲ್ವೇಸ್’ ಕೊಡುವುದಿಲ್ಲ. ಪದದ ಆರಂಭಕ್ಕೆ ಮಾತ್ರ ಅನ್ವಯಿಸುವ ‘ಬೆಗ್‌ವರ್ಡ್’ ನಿಯಮ, ತನ್ನ ಮೊದಲು ಖಾಲಿ ಜಾಗವೋ ವಿರಾಮಚಿಹ್ನೆಯೋ ಇದೆಯೇ, ತನ್ನ ನಂತರ ಅಕ್ಷರವರ್ಗದ ಸಂಕೇತ ಇದೆಯೇ ಎಂದು ನೋಡುತ್ತದೆ. ಗುಣಿತಚಿಹ್ನೆಗಳು ನೋಡಲು ಚಿಹ್ನೆಗಳಂತಿವೆ ಎಂದು ಅವನ್ನು ‘ಸೈನ್’ ವರ್ಗಕ್ಕೆ ಹಾಕಿದರೆ, ಅವುಗಳ ಮುಂದೆ ಬಂದ ‘ಬೆಗ್‌ವರ್ಡ್’ ನಿಯಮ ಸುಮ್ಮನೆ ಕೆಲಸ ಮಾಡದೆ ಹೋಗುತ್ತದೆ. ದೋಷದ ಸಂದೇಶವೂ ಇರುವುದಿಲ್ಲ.

ಇನ್ನು ಕಾಣದ ಸಂಕೇತಗಳು. ಈ ಬರಹದ ‘ಲಿಬ್‌ಲೂಯಿ’ಯಲ್ಲೇ ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಸಂಕೇತ ಒಂದಿದೆ. ‘ರ‍್ಯಾಂಕ್’ ಬರೆಯಲು ಅದರ ಜೋಡಿ ಸಂಕೇತ ರ ಮತ್ತು ವಿರಾಮದ ನಡುವೆ ಕೂರುತ್ತದೆ. ಟೇಬಲ್‌ಗೆ ಗೊತ್ತಿಲ್ಲದ ಸಂಕೇತವನ್ನು ಲಿಬ್‌ಲೂಯಿ ಸಾಮಾನ್ಯವಾಗಿ ಅದರ ಹೆಕ್ಸ್ ಸಂಖ್ಯೆಯಾಗಿ ಬ್ರೈಲಿನಲ್ಲಿ ಬರೆದುಬಿಡುತ್ತದೆ. ಪದದ ನಡುವೆ ಅರ್ಥವಿಲ್ಲದ ಹಲವು ಸೆಲ್! ಮೇಲಾಗಿ ರ ಮತ್ತು ವಿರಾಮ ಬೇರೆಯಾದ ಕಾರಣ 4-1235ರ ನಿಯಮವೂ ಹೊಂದುವುದಿಲ್ಲ. ‘ಕರೆಕ್ಟ್’ ಆಪ್‌ಕೋಡ್ ಮುಖ್ಯ ಅನುವಾದಕ್ಕಿಂತ ಮೊದಲು ಓಡುತ್ತದೆ. ಅದರಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಆ ಸಂಕೇತ, ಬದಲಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೊಟ್ಟರೆ ಸಂಕೇತ ಅಳಿಯುತ್ತದೆ. ಪ್ರಶ್ನಾರ್ಥಕ ಚಿಹ್ನೆಗೆ ಇಲ್ಲಿ ‘ಅಳಿಸು’ ಎಂಬ ಅರ್ಥ ಎಂಬುದನ್ನು ಮಾತಿನಲ್ಲೇ ಬರೆಯಬೇಕು, ಉದಾಹರಣೆಯಿಂದ ಊಹಿಸಿಕೊಳ್ಳಲು ಬಿಡಬಾರದು.

ದಿಕ್ಕು

‘ನೋಬ್ಯಾಕ್’, ‘ನೋಫಾರ್’ ಎಂಬ ಎರಡು ಮುಂಪದಗಳಿವೆ. ಎರಡೂ ನಕಾರದಿಂದ ಶುರುವಾಗುತ್ತವೆ. ‘ನೋಬ್ಯಾಕ್ ಇಲ್ಲದಿದ್ದರೆ ನಿಯಮ ಹಿಮ್ಮುಖ ಅನುವಾದದಲ್ಲಿ ಬಳಕೆಯಾಗದೆ ಇರುವುದಿಲ್ಲ’ ಎಂಬಂಥ ವಾಕ್ಯವನ್ನು ಎರಡು ಸಲ ಓದಬೇಕಾಗುತ್ತದೆ. ಹೀಗೆ ತಿದ್ದಿ: ನೋಬ್ಯಾಕ್ ಇರುವ ನಿಯಮ ಪಠ್ಯದಿಂದ ಬ್ರೈಲಿಗೆ ಹೋಗುವಾಗ ಮಾತ್ರ ಓಡುತ್ತದೆ. ನೋಫಾರ್ ಇರುವ ನಿಯಮ ಬ್ರೈಲಿನಿಂದ ಪಠ್ಯಕ್ಕೆ ಬರುವಾಗ ಮಾತ್ರ ಓಡುತ್ತದೆ. ಎರಡೂ ಇಲ್ಲದ್ದು ಎರಡು ಕಡೆಯೂ ಓಡುತ್ತದೆ. ‘ಮುಂದಕ್ಕೆ’, ‘ಹಿಂದಕ್ಕೆ’ ಎಂದು ಬರೆಯುವ ಕಡೆಯೆಲ್ಲ ‘ಪಠ್ಯದಿಂದ ಬ್ರೈಲಿಗೆ’, ‘ಬ್ರೈಲಿನಿಂದ ಪಠ್ಯಕ್ಕೆ’ ಎಂದೇ ಬರೆಯುವುದು ಮೇಲು.

ದಿಕ್ಕನ್ನು ಹೇಳದ ನಿಯಮ ಎಂಥ ಅನಾಹುತ ಮಾಡುತ್ತದೆ ಎನ್ನುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಸಾಕ್ಷಿ ಇದೆ. ಣ ಮತ್ತು ಸಂಖ್ಯಾಸೂಚಕ ಎರಡಕ್ಕೂ 3456. ಅಂಕಿ 4 ಮತ್ತು ದ ಎರಡಕ್ಕೂ 145. ಅಂಕಿ 9, ಇ ಮತ್ತು ಇಕಾರದ ಗುಣಿತಚಿಹ್ನೆ ಮೂರಕ್ಕೂ 24. ‘ಕಾರಣದಿಂದ’ ಎಂಬುದು ಬ್ರೈಲಿನಲ್ಲಿ 13, 345, 1235, 3456, 145, 24, 56, 145. ಬ್ರೈಲಿನಿಂದ ಪಠ್ಯಕ್ಕೆ ಬರುವಾಗ 3456 ಎಲ್ಲಿ ಕಂಡರೂ ಸಂಖ್ಯಾಸೂಚಕ ಎಂದುಕೊಂಡ ಟೇಬಲ್ ಇದನ್ನು ‘ಕಾರ49ಂದ’ ಎಂದು ತಿರುಗಿಸುತ್ತದೆ. ‘ಹಣದ’ ಎಂಬುದು ‘ಹ4’ ಆಗುತ್ತದೆ. ಕನ್ನಡದಲ್ಲಿ ಣಕಾರದಿಂದ ಶುರುವಾಗುವ ಪದ ಇಲ್ಲವೆಂದೇ ಹೇಳಬಹುದಾದ್ದರಿಂದ, ಪದದ ಆರಂಭದ 3456 ಸಂಖ್ಯಾಸೂಚಕ, ನಡುವಿನದು ಣ ಎಂದು ಷರತ್ತು ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಸ್ವರಗಳಿಗೂ ಇಂಥದೇ ಷರತ್ತು ಬೇಕು: 345 ‘ಆಟ’ದ ಆರಂಭದಲ್ಲಿ ಆ, ‘ಕಾಲ’ದಲ್ಲಿ ವ್ಯಂಜನದ ನಂತರ ಬಂದಾಗ ದೀರ್ಘದ ಗುಣಿತಚಿಹ್ನೆ. ಪಠ್ಯದಿಂದ ಬ್ರೈಲಿಗೆ ಹೋಗುವಾಗ ಈ ತೊಡಕೇ ಇಲ್ಲ. ಕೈಪಿಡಿಯ ಪ್ರತಿ ಉದಾಹರಣೆಯ ಪಕ್ಕದಲ್ಲೂ ದಿಕ್ಕನ್ನು ನಮೂದಿಸಬೇಕಾದದ್ದು ಇದಕ್ಕೇ.

ಬಹು ಹಂತದ (ಒಂದಾದ ಮೇಲೊಂದು ಸುತ್ತಿನಲ್ಲಿ ಓಡುವ) ನಿಯಮಗಳ ವಿಷಯದಲ್ಲಿ ಒಂದು ವಾಕ್ಯ ಸೇರಿಸಿದರೆ ಸಾಕು: ‘ಕರೆಕ್ಟ್’ ಕೆಲಸ ಮಾಡುವುದು ಪಠ್ಯದ ಸಂಕೇತಗಳ ಮೇಲೆ, ‘ಪಾಸ್2’ರಿಂದ ‘ಪಾಸ್4’ರವರೆಗಿನವು ಚುಕ್ಕಿಗಳ ಮೇಲೆ, ಬ್ರೈಲಿನಿಂದ ಪಠ್ಯಕ್ಕೆ ಬರುವಾಗ ಹಂತಗಳ ಕ್ರಮ ತಿರುಗುತ್ತದೆ.

ಓಡಿಸಿ ನೋಡದ ಉದಾಹರಣೆ ಬೇಡ

ವಾಕ್ಯ ತಿದ್ದುವ ಕೆಲಸ ಹೀಗೆ ಸಾಗಲಿ. ಮೊದಲು ವಾಕ್ಯ ಹೇಳುವಂತೆಯೇ ಎರಡು ಮೂರು ಸಾಲಿನ ಪುಟ್ಟ ಟೇಬಲ್ ಬರೆಯಿರಿ. ಲೂ-ಚೆಕ್‌ಟೇಬಲ್‌ಗೆ ಕೊಡಿ. ಅದು ನೋಡುವುದು ಬರವಣಿಗೆಯ ನಿಯಮವನ್ನು ಮಾತ್ರ. ‘ಲಕ್ಷ್ಮಿ’ಯನ್ನು ಕೆಡಿಸುವ ಟೇಬಲ್ ಕೂಡ ಅಲ್ಲಿ ಪಾಸಾಗುತ್ತದೆ. ಹಾಗಾಗಿ ‘ಟೇಬಲ್ ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ’ ಎಂದು ಆ ಉಪಕರಣವನ್ನು ವಿವರಿಸುವುದು ತಪ್ಪು. ಮುಂದೆ ಲೂ-ಟ್ರಾನ್ಸ್‌ಲೇಟ್‌ನಿಂದ ಪದ ಕೊಟ್ಟು ಫಲಿತಾಂಶ ನೋಡಿ, ಲೂ-ಟ್ರೇಸ್‌ನಿಂದ ಯಾವ ಯಾವ ನಿಯಮ ಅನ್ವಯವಾಯಿತು ಎಂದು ನೋಡಿ. ನೀವು ಅಂದುಕೊಂಡ ನಿಯಮ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ವಾಕ್ಯವೋ ನಿಯಮವೋ ಒಂದು ತಪ್ಪಾಗಿದೆ.

ಫಲಿತಾಂಶವನ್ನು ಕೈಪಿಡಿಗೆ ಹಾಕುವಾಗ ಚುಕ್ಕಿಸಂಖ್ಯೆಯಲ್ಲೇ ಹಾಕಿ. ಯಾವ ಚುಕ್ಕಿಗುಂಪು ತೆರೆಯ ಮೇಲೆ ಯಾವ ಅಕ್ಷರವಾಗಿ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಡಿಸ್‌ಪ್ಲೇ ಟೇಬಲ್. ಅದು ಬದಲಾದರೆ ಅದೇ ಬ್ರೈಲ್ ಬೇರೆ ಅಕ್ಷರಗಳಾಗಿ ಕಾಣುತ್ತದೆ. ಡಿಸ್‌ಪ್ಲೇ ಟೇಬಲ್‌ನ ಹೆಸರಿಲ್ಲದ ಆಜ್ಞೆಯನ್ನು ಉದಾಹರಣೆಯಾಗಿ ಕೊಟ್ಟರೆ, ಓದುಗರ ಯಂತ್ರದಲ್ಲಿ ಬರುವುದು ಕೈಪಿಡಿಯಲ್ಲಿರುವುದಕ್ಕೆ ಹೊಂದದೆ ಅವರು ತಮ್ಮ ಟೇಬಲ್ಲೇ ತಪ್ಪು ಎಂದುಕೊಳ್ಳುತ್ತಾರೆ.

ಟೇಬಲ್ ಸಾಲಿನಲ್ಲಿ ಖಾಲಿ ಜಾಗವೇ ಬೇಲಿ ಎಂಬುದನ್ನೂ ಒತ್ತಿ ಹೇಳಬೇಕು. ‘ಆಲ್ವೇಸ್ ಕ್ ಷ 12345’ ಎಂದು ನಡುವೆ ಜಾಗ ಬಿಟ್ಟರೆ ಷ ಎಂಬುದನ್ನೇ ಚುಕ್ಕಿಗುಂಪೆಂದು ಓದಲು ಹೋಗಿ ದೋಷ ತೋರಿಸುತ್ತದೆ. ಬೇಕಾದ ಭಾಗಗಳು ಮುಗಿದ ಮೇಲೆ ಸಾಲಿನಲ್ಲಿ ಉಳಿದದ್ದೆಲ್ಲ ಟಿಪ್ಪಣಿ.

ಕೈಪಿಡಿಯನ್ನು ಬೆರಳಿನಿಂದ, ಕಿವಿಯಿಂದ ಓದುವವರು

ಈ ಕೈಪಿಡಿಯ ಓದುಗರಲ್ಲಿ ಅನೇಕರು ಅದನ್ನು 40 ಸೆಲ್‌ನ ಅಥವಾ ಇನ್ನೂ ಚಿಕ್ಕ ಡಿಸ್‌ಪ್ಲೇಯಲ್ಲಿ, ಇಲ್ಲವೇ ಸ್ಕ್ರೀನ್ ರೀಡರ್‌ನ ದನಿಯಲ್ಲಿ ಓದುತ್ತಾರೆ. ಉದಾಹರಣೆಯ ಸಾಲು 40 ಸೆಲ್ ದಾಟದಂತೆ ನೋಡಿಕೊಂಡರೆ ಅವರಿಗೆ ಅದು ಒಂದೇ ಏಟಿಗೆ ಸಿಗುತ್ತದೆ. ಕಂಬಸಾಲಿನ ಕೋಷ್ಟಕದ ಬದಲು ಒಂದು ಸಾಲಿಗೆ ಒಂದು ವಿಷಯ ಇಡಿ. ದಪ್ಪಕ್ಷರ, ಬಣ್ಣ ಮಾತ್ರ ಹೊತ್ತಿರುವ ಅರ್ಥ ಅವರಿಗೆ ತಲುಪುವುದಿಲ್ಲ. ಚಿಹ್ನೆಗಳನ್ನು ಓದುವ ಮಟ್ಟ ಕಡಿಮೆ ಇದ್ದಾಗ ಹೈಫನ್, ಬ್ಯಾಕ್‌ಸ್ಲ್ಯಾಷ್ ಉಚ್ಚಾರಣೆಗೇ ಬರದಿರಬಹುದು. ಆದ್ದರಿಂದ ಪ್ರತಿ ಹೊಸ ಚಿಹ್ನೆಯನ್ನೂ ಮೊದಲ ಸಲ ಬಂದಾಗ ಹೆಸರಿಟ್ಟು ಕರೆಯಿರಿ: ‘ಸೆಲ್‌ಗಳ ನಡುವೆ ಹೈಫನ್ ಬರೆಯಿರಿ’. ‘ಕೆಳಗಿನಂತೆ’ ಎಂದು ಬರೆದು ಬಿಡುವುದಕ್ಕಿಂತ ಇದು ಮೇಲು.

ಲಿಬ್‌ಲೂಯಿಯ ಕೈಪಿಡಿ ಟೆಕ್ಸ್‌ಇನ್ಫೋ ಎಂಬ ಗುರುತುಭಾಷೆಯಲ್ಲಿದೆ. ಅಲ್ಲಿ ಅಟ್ ಚಿಹ್ನೆ ಬಂದರೆ ಆಜ್ಞೆ ಶುರುವಾಯಿತೆಂದು ಅರ್ಥ. ಬಹು ಹಂತದ ನಿಯಮಗಳಲ್ಲಿ ಅದೇ ಚಿಹ್ನೆ ಚುಕ್ಕಿಗುಂಪಿನ ಮುಂದೆ ಬರುತ್ತದೆ. ಆದ್ದರಿಂದ ಮೂಲ ಕಡತದಲ್ಲಿ ಅದನ್ನು ಎರಡು ಸಲ ಬರೆಯಬೇಕು, ಇಲ್ಲದಿದ್ದರೆ ಕಟ್ಟುವಾಗಲೇ ದೋಷ ಬರುತ್ತದೆ. ಬ್ಯಾಕ್‌ಕೋಟ್ ಚಿಹ್ನೆ ಪಿಡಿಎಫ್‌ನಲ್ಲಿ ಬಾಗಿದ ಉದ್ಧರಣ ಚಿಹ್ನೆಯಾಗಿ ಬೀಳಬಹುದು. ಅಲ್ಲಿಂದ ನಕಲು ಮಾಡಿದ ನಿಯಮ ಕೆಲಸ ಮಾಡುವುದಿಲ್ಲ. ತಿದ್ದಿದ ಮೇಲೆ ಇನ್ಫೋ, ಎಚ್‌ಟಿಎಂಎಲ್, ಪಿಡಿಎಫ್ ಮೂರನ್ನೂ ಕಟ್ಟಿ, ಪ್ರತಿಯೊಂದರಿಂದಲೂ ಉದಾಹರಣೆಯನ್ನು ನಕಲಿಸಿ ಓಡಿಸಿ.

ತಿದ್ದುಪಡಿ ಕಳಿಸುವಾಗ ಒಂದು ಕಮಿಟ್‌ನಲ್ಲಿ (ಒಮ್ಮೆಗೆ ಒಪ್ಪಿಸುವ ತಿದ್ದುಪಡಿಯಲ್ಲಿ) ಒಂದೇ ಅರ್ಥದ ಬದಲಾವಣೆ ಇರಲಿ. ಪದ ಬದಲಿಸುವ ಜೊತೆಗೆ ಪ್ಯಾರಾದ ಸಾಲುಗಳನ್ನೂ ಮರುಜೋಡಿಸಿದರೆ ಇಡೀ ಪ್ಯಾರಾ ಬದಲಾದಂತೆ ತೋರುತ್ತದೆ, ಪರಿಶೀಲಿಸುವವರು ನಿಜವಾಗಿ ಬದಲಾದ ಎರಡು ಪದಗಳನ್ನು ಹುಡುಕಬೇಕಾಗುತ್ತದೆ. ಮೂಲದಲ್ಲಿ ಒಂದು ವಾಕ್ಯಕ್ಕೆ ಒಂದು ಸಾಲು ಕೊಟ್ಟರೆ ಈ ತೊಂದರೆ ಇಲ್ಲ. ಅಧ್ಯಾಯದ ಹೆಸರು ಬದಲಿಸಲೇಬೇಕಾದರೆ ಹಳೆಯ ಹೆಸರಿನಲ್ಲಿ ಒಂದು ಆ್ಯಂಕರ್ (ಕೊಂಡಿ ತಲುಪುವ ಗುರುತು) ಉಳಿಸಿ, ಹೊರಗಿನ ಕೊಂಡಿಗಳು ಮುರಿಯುವುದಿಲ್ಲ. ಉದಾಹರಣೆಯ ಪದಗಳನ್ನು ಯಾಮಲ್ ಪರೀಕ್ಷಾ ಕಡತಕ್ಕೂ ಸೇರಿಸಿ, ಪ್ರತಿಯೊಂದಕ್ಕೂ ಪಠ್ಯ, ಬರಬೇಕಾದ ಬ್ರೈಲ್, ದಿಕ್ಕು ಮೂರನ್ನೂ ಕೊಟ್ಟು. ಈಗಿನ ಟೇಬಲ್ ಆ ಪದದಲ್ಲಿ ಸೋಲುತ್ತಿದ್ದರೆ ಪದವನ್ನು ಕೈಬಿಡಬೇಡಿ. ಸೋಲುತ್ತದೆಂದು ಗೊತ್ತಿದೆ ಎನ್ನುವ ಎಕ್ಸ್‌ಫೇಲ್ ಗುರುತು ಹಾಕಿ ಇಟ್ಟರೆ, ಮುಂದೆ ಯಾರಾದರೂ ಟೇಬಲ್ ಸರಿಪಡಿಸಿದ ದಿನ ಆ ಪರೀಕ್ಷೆಯೇ ತಿಳಿಸುತ್ತದೆ.